ನಿಂತ ಹಡಗಿನ ಹೊಗೆ

ಹಾಸನದಲ್ಲಿ ಕೂತು ಹಡಗುಗಳ ಹೊಗೆಯನ್ನು ಅಂದಾಜು ಮಾಡುವ ಕೆಲಸ ನನಗೆ ಸಿಕ್ಕಿದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಆಗ ನಾನು ಸಮುದ್ರವನ್ನೇ ನೋಡಿರಲಿಲ್ಲ. ನಾನು ಕಂಡಿದ್ದ ದೊಡ್ಡ ನೀರೆಂದರೆ ಗೊರೂರಿನ ಅಣೆಕಟ್ಟಿನ ಹಿಂದೆ ನಿಂತದ್ದು, ಅದೂ ಹೈಸ್ಕೂಲಿನ ಪ್ರವಾಸದಲ್ಲಿ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಹೊಳೆನರಸೀಪುರದ ಮನೆಯಲ್ಲಿ ಟ್ಯೂಷನ್ ಹೇಳಿಕೊಂಡು, ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ ಉಪ್ಪಿಟ್ಟು ಕೊಟ್ಟುಕೊಂಡು ಇದ್ದೆ. ಒಂದು ಬೆಳಿಗ್ಗೆ ಅಪ್ಪ ಪೇಪರಿನ ಜಾಹೀರಾತನ್ನು ನನ್ನ ಮುಂದೆ ಎಸೆದು, "ಹೋಗಿ ಕೇಳು. ಇಲ್ಲಿ ಕೂತು ಯಾರನ್ನ ಉದ್ಧಾರ ಮಾಡ್ತಿದ್ದೀಯ?" ಅಂದರು. ಅಪ್ಪ ಮೇಷ್ಟ್ರು. ಮಕ್ಕಳ ಜೊತೆ ಮಾತಾಡುವುದು ಅವರಿಗೆ ಹಾಗೇ ಗೊತ್ತಿದ್ದದ್ದು.

ಆಫೀಸು ಹಾಸನದ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ. ಕೆಳಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್, ಮೇಲೆ ನಮ್ಮ ಎರಡು ಕೋಣೆ. ಇಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾಗಿದ್ದ ಒಬ್ಬರು ಅದನ್ನು ನಡೆಸುತ್ತಿದ್ದರು. ಅವರನ್ನು ನಾವು 'ಸರ್' ಅಂತಲ್ಲದೆ ಬೇರೆ ಏನೂ ಕರೆದವರಲ್ಲ. ಬೆಂಗಳೂರಿನ ದೊಡ್ಡ ಕಂಪನಿಗಳು ಪರಿಸರ ವರದಿಗಳ ಗುತ್ತಿಗೆ ಹಿಡಿದು, ಅದನ್ನು ತುಂಡು ಮಾಡಿ ಇಂಥ ಸಣ್ಣವರಿಗೆ ಹಂಚುತ್ತಿದ್ದವು. ನಮ್ಮ ಪಾಲಿಗೆ ಬಂದ ತುಂಡು ಹೊಗೆ. ಪಶ್ಚಿಮ ಕರಾವಳಿಯ ಒಂದು ಬಂದರನ್ನು ಅಗಲ ಮಾಡುವವರಿದ್ದರು. ಅಲ್ಲಿಗೆ ಬಂದುಹೋಗುವ ಹಡಗುಗಳು ಎಷ್ಟು ಹೊಗೆ ಬಿಡುತ್ತವೆ, ಅದು ಯಾವ ಕಡೆ ಹೋಗುತ್ತದೆ ಅಂತ ನಾವು ಹೇಳಬೇಕಿತ್ತು. ಆಫೀಸಿನಲ್ಲಿ ನಾನಲ್ಲದೆ ಇದ್ದವರು ಕಂಪ್ಯೂಟರ್ ಆಪರೇಟರ್ ಒಬ್ಬರು. ನಲವತ್ತು ದಾಟಿದವರು, ದಿನಾ ಚನ್ನರಾಯಪಟ್ಟಣದಿಂದ ಬಂದು ನಾನು ಬರೆದದ್ದನ್ನು ಟೈಪ್ ಮಾಡುತ್ತಿದ್ದರು.

ಲೆಕ್ಕ ಕಷ್ಟದ್ದಲ್ಲ. ಬಂದರಿನ ರಿಜಿಸ್ಟರಿನ ಜೆರಾಕ್ಸ್ ಹಾಳೆಗಳಲ್ಲಿ ಪ್ರತಿ ಹಡಗಿಗೂ ಒಂದು ಸಾಲು. ಯಾವಾಗ ಬಂತು, ಎಷ್ಟು ಹೊತ್ತು ದಕ್ಕೆಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ಕಟ್ಟಿ ನಿಂತಿತ್ತು, ಯಾವಾಗ ಹೋಯಿತು. ಅದರ ಇಂಜಿನ್ನಿನ ಶಕ್ತಿ ಎಷ್ಟು, ಅದರಲ್ಲಿ ಎಷ್ಟು ಪಾಲು ಬಳಕೆಯಾಯಿತು, ಎಷ್ಟು ಗಂಟೆ ಓಡಿತು ಎಂಬುದನ್ನು ಗುಣಿಸಬೇಕು. ಬಂದದ್ದನ್ನು ಮತ್ತೆ, ಒಂದು ಘಟಕ ಶಕ್ತಿಗೆ ಎಷ್ಟು ಗ್ರಾಂ ಗಂಧಕದ ಹೊಗೆ, ಎಷ್ಟು ಮಸಿ ಎಂಬ ಅಂಕಿಯಿಂದ ಗುಣಿಸಬೇಕು. ಹಡಗನ್ನು ನೋಡಬೇಕಾದ ಅಗತ್ಯವೇ ಇರಲಿಲ್ಲ.

ಸರ್ ಬಯ್ಯುತ್ತಿರಲಿಲ್ಲ. ತಪ್ಪು ಮಾಡಿದವರು ಎದ್ದು ನಿಂತು, ತಮ್ಮ ತಪ್ಪು ಉತ್ತರವನ್ನು ಹತ್ತು ಸಲ ಗಟ್ಟಿಯಾಗಿ ಓದಬೇಕಿತ್ತು. ನಾನು ಮೊದಲ ತಿಂಗಳು ಒಂದು ದಶಾಂಶದ ಚುಕ್ಕೆ ತಪ್ಪಾಗಿ ಇಟ್ಟಾಗ, ಕೆಳಗಿನ ಟೈಪಿಂಗ್ ಹುಡುಗಿಯರನ್ನು ಮೇಲೆ ಕರೆಸಿ ಸಾಲಾಗಿ ನಿಲ್ಲಿಸಿದರು. "ಎಂ.ಎಸ್ಸಿ. ಓದಿದವರು ಈಗ ಒಂದು ಪಾಠ ಒಪ್ಪಿಸ್ತಾರೆ, ಕೇಳಿ," ಅಂದರು. ಓದಿದೆ. ಏಳನೆಯ ಸಲಕ್ಕೆ ನಿಲ್ಲಿಸಿದೆ. "ಇನ್ನೂ ಮೂರಿದೆ," ಅಂತ ಬೆರಳು ತೋರಿಸಿದರು.

ಅದರಿಂದ ನಾನು ಕಲಿತದ್ದು ಕರುಣೆಯನ್ನಲ್ಲ. ಮುಂದಿನ ವಾರವೇ ಆಪರೇಟರ್ ಒಂದು ಕಾಲಂ ಬಿಟ್ಟು ಟೈಪ್ ಮಾಡಿದಾಗ, ಸರ್ ಬಾಯಿ ತೆಗೆಯುವ ಮೊದಲೇ ನಾನು, "ಎದ್ದು ನಿಂತು ಓದಿ," ಅಂದೆ. ಇಬ್ಬರು ಮಕ್ಕಳ ತಂದೆ ಅವರು. ಕಿವಿ ಕೆಂಪಾಗಿಸಿಕೊಂಡು ಹತ್ತು ಸಲ ಓದಿದರು. ಸರ್, "ಭೇಷ್," ಅಂದರು. ಅವತ್ತು ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರು ಬರುವವರೆಗೂ ಖುಷಿಯಾಗಿದ್ದೆ.

ಲೆಕ್ಕದಲ್ಲಿ ಒಂದು ಗಂಟು ಮಾತ್ರ ಬಿಡುತ್ತಿರಲಿಲ್ಲ. ದಕ್ಕೆಗೆ ಕಟ್ಟಿ ನಿಂತ ಹಡಗು ಎಷ್ಟು ಹೊಗೆ ಬಿಡುತ್ತದೆ? ಸರ್ ಪ್ರಕಾರ ಸೊನ್ನೆ. "ಸ್ಟ್ಯಾಂಡಿನಲ್ಲಿ ಆಫ್ ಮಾಡಿ ನಿಲ್ಲಿಸಿದ ಬಸ್ಸು ಹೊಗೆ ಬಿಡುತ್ತೇನಮ್ಮ?" ಅಂದಿದ್ದರು. ನನಗೆ ಅನುಮಾನ. ಆದರೆ ಅದನ್ನು ಕೇಳಿ ತಿಳಿಯಲು ಹಾಸನದಲ್ಲಿ ಹಡಗು ಕಂಡವರು ಯಾರಿದ್ದಾರೆ?

ಒಂದು ಮಂಗಳವಾರ ಸರ್ ಇಲ್ಲದಾಗ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಉಸಿರು ಸರಿಯಾಗುವವರೆಗೆ ನೆಲ ನೋಡುತ್ತ ನಿಂತರು. ಐವತ್ತೈದರ ವಯಸ್ಸು, ಎಪ್ಪತ್ತರ ಮುಖ. ಬಿಳಿ ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದ್ದರು.

"ಇದು ಅಡಗಿನಾಪೀಸಾ ಅವ್ವಾ? ಕೆಳಗೆ ಟೈಪಿಂಗ್‌ನೋರು ಮ್ಯಾಲೈತೆ ಅಂದ್ರು."

ಹಡಗಿನದಲ್ಲ, ಹಡಗಿನ ಹೊಗೆಯದು ಅಂದೆ. ಅವರ ಮುಖ ಅರಳಿತು.

"ಅಂಗಾದ್ರೆ ಸರಿಯಾದ ಜಾಗಕ್ಕೇ ಬಂದಿವ್ನಿ. ಅತ್ತೊಂಬತ್ತು ವರ್ಸ ಅಡಗಿನ ಇಂಜಿನ್ ರೂಮಲ್ಲಿ ಎಣ್ಣೆ ಆಕೋ ಕೆಲ್ಸ ಮಾಡಿವ್ನಿ ಕಣವ್ವ."

ಅವರ ಊರು ಅರಕಲಗೂಡಿನ ಹತ್ತಿರದ ಒಂದು ಹಳ್ಳಿ. ಹದಿಹರೆಯದಲ್ಲಿ ಯಾರ ಜೊತೆಗೋ ಬೊಂಬಾಯಿಗೆ ಹೋದವರು ಹಡಗು ಸೇರಿ, ಎದೆ ಕೆಟ್ಟ ಮೇಲೆ ಊರಿಗೆ ಮರಳಿದ್ದರು. ವಾರಕ್ಕೊಮ್ಮೆ ಹಾಸನದಲ್ಲಿ ಎದೆಯ ಡಾಕ್ಟರೊಬ್ಬರಿಗೆ ತೋರಿಸಿಕೊಳ್ಳುತ್ತಿದ್ದರು. ಆ ಡಾಕ್ಟರ ಮೇಲೇ ಅವರ ದೂರು.

"ಬೀಡಿ ಎಷ್ಟು ಸೇದ್ತೀಯ ಅಂದ್ರು. ಸೇದಲ್ಲ ಸಾ, ಜನ್ಮದಲ್ಲೇ ಮುಟ್ಟಿಲ್ಲ ಅಂದೆ. ಅರಕಲಗೂಡೋನು, ಒಗೆಸೊಪ್ಪು ಬೆಳಿಯೋ ಸೀಮೆಯೋನು, ಸೇದಲ್ವಾ ಅಂತ ನಗಾಡ್ಬುಟ್ಟು ಚೀಟಿ ಮ್ಯಾಲೆ ಬೀಡಿ ಅಂತ್ಲೇ ಬರ್ದವ್ರೆ. ಈಗ ಸೂಜಿ ಚುಚ್ಚೋ ನರ್ಸಮ್ಮನೂ ಬಯ್ತದೆ. ಊರಲ್ಲಿ ನನ್ನೆಂಡ್ರ ಅಣ್ತಮ್ದೀರೂ ಬಯ್ತಾರೆ. ಮಾಡ್ದೆ ಇರೋ ತಪ್ಪು ಮೈಮ್ಯಾಲೆ ಕೂತದೆ ಕಣವ್ವ. ಸಾಯದು ಸಾಯ್ತೀನಿ, ಅದನ್ನ ಇಳಿಸ್ಬುಟ್ಟು ಸಾಯ್ಬೇಕು."

ಅವರಿಗೆ ಬೇಕಾದದ್ದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ. ತಾನು ಕುಡಿದ ಹೊಗೆ ಬೀಡಿಯದಲ್ಲ, ಹಡಗಿನದು ಎಂದು ತಿಳಿದವರು ಬರೆದ ಕಾಗದ.

ನಾನು ಮೇಜಿನ ಮೇಲಿದ್ದ ರಿಜಿಸ್ಟರ್ ಹಾಳೆಗಳನ್ನು ನೋಡಿದೆ, ಅವರನ್ನು ನೋಡಿದೆ. "ಬರೆದುಕೊಡ್ತೀನಿ. ಲೆಟರ್‌ಹೆಡ್ಡಿನಲ್ಲೇ, ಲೆಕ್ಕ ಸಮೇತ ಬರೆದುಕೊಡ್ತೀನಿ. ಮೊದಲು ನೀವು ನನಗೆ ಒಂದು ಹೇಳಿ. ದಕ್ಕೆಯಲ್ಲಿ ನಿಂತಾಗ ಹಡಗಿನ ಇಂಜಿನ್ ಆಫ್ ಆಗುತ್ತಾ?"

ಅವರು ನಕ್ಕರು. ನಗು ಕೆಮ್ಮಾಯಿತು. "ದೊಡ್ಡಿಂಜಿನ್ ನಿಲ್ತದೆ. ಜನರೇಟ್ರು ನಿಂತ್ರೆ ಲೈಟು ಎಲ್ಲಿಂದ ಉರೀತದವ್ವಾ? ಪಂಪು ಎಂಗೆ ತಿರುಗ್ತದೆ? ಕ್ರೇನು ಎಂಗೆ ಎತ್ತುತ್ತದೆ? ಅಗ್ಲೂ ರಾತ್ರೆ ಎರಡು ಜನರೇಟ್ರು ಓಡ್ತವೆ, ಜೊತೆಗೆ ಬಾಯ್ಲರು. ಆ ಎಣ್ಣೆ ಟಾರು ಇದ್ದಂಗೆ, ಕಾಯಿಸ್ದೆ ಅರಿಯಾದೇ ಇಲ್ಲ."

ಮುಂದಿನ ಆರು ಮಂಗಳವಾರ, ಸರ್ ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ, ಅವರು ಬಂದರು. ಎರಡನೆಯ ಸಲ ಬಟ್ಟೆ ಚೀಲದಲ್ಲಿ ಐದು ನೋಟ್ ಬುಕ್ ತಂದರು. ಯಾವ ಹಡಗು, ಯಾವ ಬಂದರು, ಯಾವ ಜನರೇಟರು ಎಷ್ಟು ಗಂಟೆ ಓಡಿತು, ಅದರ ಮೇಲೆ ಎಷ್ಟು ಭಾರವಿತ್ತು, ಎಲ್ಲ ಕನ್ನಡದ ಅಂಕಿಗಳಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಯಾಕೆ ಬರೆದಿಟ್ಟಿರಿ ಅಂದರೆ, "ಇಂಗ್ಲೀಸಲ್ಲಿ ಬರಿಯೋ ದೊಡ್ಡ ಬುಕ್ಕು ಸಾಯೇಬ್ರುದು. ಇದು ನಂದು," ಅಂದರು. ದೊಡ್ಡ ಇಂಜಿನ್ ನಿಂತ ದಿನವೇ ಅದರ ಹೊಟ್ಟೆಯೊಳಗೆ ತೆವಳಿ ಹೋಗಿ ಮಸಿ ಕೆರೆಯಬೇಕಾಗಿತ್ತಂತೆ. ಮೂಗಿಗೆ ಒಂದು ಚಿಂದಿ ಬಟ್ಟೆ ಕಟ್ಟಿಕೊಂಡು. "ವಾರಗಟ್ಲೆ ಉಗುಳುದ್ರೆ ಕರ್ರಗೆ ಬರದು," ಅಂದರು.

ಇದನ್ನೆಲ್ಲ ಕೇಳುವಾಗ ನಾನು ಅವರನ್ನು ಒಳಗೆ ಕೂರಿಸಲಿಲ್ಲ. ಬಾಗಿಲ ಹತ್ತಿರ ಹಳೆಯ ಪೇಪರು ಹಾಸಿದ ಸ್ಟೂಲು ಇಟ್ಟಿದ್ದೆ. ಅವರು ಕೆಮ್ಮಿದಾಗ ನೋಟ್ ಬುಕ್ಕಿನಿಂದ ಮುಖ ಎತ್ತದೆ, "ಆ ಕಡೆ, ಆ ಕಡೆ," ಅಂತ ಕೈ ಆಡಿಸುತ್ತಿದ್ದೆ. ಮೂರನೆಯ ವಾರದಿಂದ 'ನೀವು' ಹೋಗಿ 'ನೀನು' ಬಂತು. ಅವರು ಎದ್ದು ಹೋದಮೇಲೆ ಪೇಪರನ್ನು ಎರಡು ಬೆರಳಲ್ಲಿ ಹಿಡಿದು ಬಿಸಾಡುತ್ತಿದ್ದೆ. ಒಂದು ಸಲ ಅವರು ಕೊಡೆ ಮರೆತು ವಾಪಸು ಬಂದವರು ಅದನ್ನು ನೋಡಿದರು. ಕೊಡೆ ತೆಗೆದುಕೊಂಡು ಹೋದರು. ಮುಂದಿನ ವಾರ ತಾವೇ ಒಂದು ಪೇಪರು ತಂದು ಹಾಸಿಕೊಂಡು ಕೂತರು.

"ಕಾಗ್ದ?" ಅಂತ ಪ್ರತಿ ಸಲ ಏಳುವಾಗ ಕೇಳುತ್ತಿದ್ದರು.

"ಮುಂದಿನ ವಾರ," ಅನ್ನುತ್ತಿದ್ದೆ. ಬರೆಯಲು ಅರ್ಧ ಗಂಟೆ ಸಾಕಿತ್ತು. ಕೊಟ್ಟುಬಿಟ್ಟರೆ ಅವರು ಬರುವುದು ನಿಲ್ಲಿಸುತ್ತಾರೆ ಎಂಬ ಲೆಕ್ಕಾಚಾರ ನನ್ನದು.

ಅವರ ಅಂಕಿಗಳನ್ನು ಸೇರಿಸಿದ ಮೇಲೆ ಬಂದರಿನ ಹೊಗೆ ಸರ್ ಅಂದುಕೊಂಡದ್ದಕ್ಕಿಂತ ಹಲವು ಪಟ್ಟಾಯಿತು. ಅದರಲ್ಲಿ ಬಹುಪಾಲು ನಿಂತ ಹಡಗುಗಳದ್ದೇ. ಗಾಳಿ ಬೀಸುವ ದಿಕ್ಕಿನಲ್ಲಿ ನೇರವಾಗಿ ಮೀನುಗಾರರ ಒಂದು ಕೇರಿ ಇತ್ತು. ಸರ್ ಲೆಕ್ಕ ನೋಡಿ, "ಎಲ್ಲಿಂದ ತಂದೆ?" ಅಂದರು. "ಓದಿ ತಿಳ್ಕೊಂಡೆ ಸರ್," ಅಂದೆ. ಅವರ ಹೆಸರು ಹೇಳಲಿಲ್ಲ. ಸರ್ ನನ್ನನ್ನು ಹೊಗಳಿದರು. ಹೊಗಳಿಕೆಯನ್ನು ಪೂರ್ತಿ ನಾನೇ ಇಟ್ಟುಕೊಂಡೆ.

ಆ ಹೊಗಳಿಕೆ ಹತ್ತು ದಿನ ಉಳಿಯಿತು. ಬೆಂಗಳೂರಿನ ಕಂಪನಿಯಿಂದ ಇಬ್ಬರು ಕಾರಿನಲ್ಲಿ ಬಂದರು. ವರದಿಯನ್ನು ಮೇಜಿನ ಮೇಲೆ ಹಾಕಿ, ಇಷ್ಟು ಹೊಗೆ ತೋರಿಸಿದರೆ ಬಂದರು ಅಗಲವಾಗುವುದು ಹೇಗೆ, ಜನರೇಟರು ಹೀಗೇ ಓಡುತ್ತದೆ ಎಂದು ಹೇಳಿದವರು ಯಾರು ಅಂತ ಕೇಳಿದರು. ಸರ್ ನನ್ನನ್ನು ನೋಡಿದರು. ನನ್ನ ಬಾಯಿಂದ ನಿಜ ಹೊರಬಿತ್ತು. "ಹಡಗಿನಲ್ಲಿ ಕೆಲಸ ಮಾಡಿದ ಒಬ್ಬನು ಹೇಳಿದ ಸರ್. ಇವತ್ತು ಬರ್ತಾನೆ."

ಮಂಗಳವಾರವೇ ಆಗಿತ್ತು. ಅವರು ಬಂದರು. ಅಷ್ಟು ಜನರನ್ನು ಕಂಡು ಚಪ್ಪಲಿ ಹೊರಗೆ ಬಿಟ್ಟು ಕೈ ಮುಗಿದರು. ಕಾಗದ ಕೊಡಲು ದೊಡ್ಡವರೆಲ್ಲ ಸೇರಿದ್ದಾರೆ ಅಂದುಕೊಂಡಿರಬೇಕು, ಮುಖದಲ್ಲಿ ಅಂಥ ಒಂದು ಗೆಲುವಿತ್ತು.

ಸರ್ ತುಂಬ ಮೃದುವಾಗಿ ಮಾತು ತೆಗೆದರು. "ಏನು ಕೆಲಸ ಮಾಡ್ತಿದ್ದಿರಿ?"

"ಅಡಗಲ್ಲಿದ್ದೆ ಸಾ."

"ಅಡಗಿ ಕೂತಿದ್ರಾ? ಯಾರಿಂದ? ಪೊಲೀಸರಿಂದಾನಾ?"

ಬೆಂಗಳೂರಿನವರು ನಕ್ಕರು. ಹಡಗಿನವರಿಗೆ ಅದು ಅರ್ಥವಾಗದೆ ಮತ್ತೆ, "ಇಲ್ಲ ಸಾ, ಅಡಗು, ಅಡಗು," ಅಂದರು. 'ಹ' ತರಲು ಬಾಯಿ ಪ್ರಯತ್ನಪಟ್ಟು, ಉಸಿರು ಸಾಲದೆ ಅರ್ಧಕ್ಕೆ ನಿಂತಿತು. ಸರ್ ಅವರನ್ನು ಕಿಲೋವ್ಯಾಟ್ ಅಂದರೆ ಏನು ಅಂತ ಕೇಳಿದರು. ಇಂಗ್ಲಿಷಿನಲ್ಲಿ ಬರೆಯಿರಿ ಅಂದರು. ಅವರು ಪೆನ್ನು ಹಿಡಿದು ಸುಮ್ಮನೆ ನಿಂತರು. ಕೊನೆಗೆ ಸರ್, "ಹೊಗೆ ವಿಷಯ ಗೊತ್ತು ಅಂತೀರಲ್ಲ, ಎಲ್ಲಿ, ಒಂದು ಸಲ ಉಸಿರು ಬಿಗಿಹಿಡಿದು ಇಪ್ಪತ್ತರವರೆಗೆ ಎಣಿಸಿ ನೋಡೋಣ," ಅಂದರು. ಸರ್ ಹೇಳಿದ್ದನ್ನು ಅವರು ನಿಜಕ್ಕೂ ಮಾಡಲು ಹೋದರು. ಬೆರಳು ಮಡಿಸುತ್ತ ಆರಕ್ಕೆ ಬಂದಾಗ ಕೆಮ್ಮು ಒತ್ತರಿಸಿ, ಬಗ್ಗಿ, ಮೇಜಿನ ಅಂಚು ಹಿಡಿದುಕೊಂಡರು. ಆಪರೇಟರ್ ನಕ್ಕರು. ನಾನೂ ನಕ್ಕೆ. ಹೆದರಿ ನಕ್ಕೆ ಅಂತ ಬಹಳ ವರ್ಷ ಹೇಳಿಕೊಂಡೆ. ಹೆದರಿಕೆಯಿಂದಲ್ಲ. ಅವತ್ತು ನಗುವವರ ಕಡೆ ಇದ್ದೇನೆ ಅನ್ನುವುದು ಹಿತವಾಗಿತ್ತು.

ಕೆಮ್ಮು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, "ಅವ್ವ ನಂಗೊಂದು ಕಾಗ್ದ ಬರ್ಕೊಡ್ತೀನಿ ಅಂದವ್ರೆ ಸಾ. ಅದ್ಕೇ ಬಂದಿದ್ದು," ಅಂದರು.

ಸರ್ ನನ್ನ ಕಡೆ ತಿರುಗಿದರು. "ಅಂದಿದ್ದೀಯಾ?"

"ಇಲ್ಲ ಸರ್."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ, "ಔದು ಸಾ. ನಾನೇ ತಪ್ಪು ತಿಳ್ಕಂಡಿದ್ದು," ಅಂದು ಚಪ್ಪಲಿ ಹಾಕಿಕೊಂಡು ಇಳಿದು ಹೋದರು. ಎಲ್ಲ ಮೆಟ್ಟಿಲು ಇಳಿಯಲು ಅವರಿಗೆ ಎಷ್ಟೋ ಹೊತ್ತು ಹಿಡಿಯಿತು. ನಾವೆಲ್ಲ ಆ ಸದ್ದು ಮುಗಿಯುವವರೆಗೆ ಕಾದೆವು.

ಲೆಕ್ಕವನ್ನು ಕೆಳಗಿಳಿಸುವುದಕ್ಕೆ ಒಂದು ಕಾರಣ ಬೇಕಿತ್ತು. ಸರ್ ನನ್ನಿಂದಲೇ ಟಿಪ್ಪಣಿ ಬರೆಸಿದರು. ಹೇಳಿಕೆ ಕೊಟ್ಟವನು ನಂಬಲರ್ಹನಲ್ಲ ಎಂದಷ್ಟೇ ಅವರು ಹೇಳಿದ್ದು. ಮುಂದಿನ ಮಾತನ್ನು ನಾನೇ ಹುಡುಕಿ ಹಾಕಿದೆ: ಓದುಬರಹ ಕಡಿಮೆ, ತಂಬಾಕು ಬೆಳೆಯುವ ಪ್ರದೇಶದ ವಾಸಿ, ದೀರ್ಘಕಾಲದ ಬೀಡಿ ಸೇವನೆಯಿಂದ ಶ್ವಾಸಕೋಶದ ಕಾಯಿಲೆ, ಆದ್ದರಿಂದ ಹೊಗೆಯ ಬಗ್ಗೆ ಪೂರ್ವಗ್ರಹ. ವಾಕ್ಯ ಇಂಗ್ಲಿಷಿನಲ್ಲಿ ಚೆನ್ನಾಗಿ ಬಂದಿದೆ ಅನ್ನಿಸಿ ಇನ್ನೊಮ್ಮೆ ಓದಿಕೊಂಡೆ. ನಿಂತ ಹಡಗುಗಳ ಕಾಲಂನಲ್ಲಿ ಸೊನ್ನೆಗಳನ್ನು ತುಂಬಿದೆ. ವರದಿಗೆ ಒಪ್ಪಿಗೆ ಸಿಕ್ಕಿತು.

ಎರಡು ವಾರದ ನಂತರ ಆಪರೇಟರ್ ಊಟದ ಡಬ್ಬಿ ತೆರೆಯುತ್ತ, "ನಿಮ್ಮ ಹಡಗಿನವನು ಡಾಕ್ಟರ ಹತ್ರ ಸಿಕ್ಕಿದ್ದ ಮೇಡಂ. ನೀವು ಬರೆದ ಟಿಪ್ಪಣಿಯ ಜೆರಾಕ್ಸ್ ಕೊಟ್ಟೆ. ಕನ್ನಡದಲ್ಲಿ ಓದಿಯೂ ಹೇಳಿದೆ," ಅಂದರು.

"ಯಾಕೆ?"

"ಗಟ್ಟಿಯಾಗಿ ಓದೋ ಅಭ್ಯಾಸ ಮಾಡಿಸಿದವರು ನೀವೇ ಅಲ್ವಾ?" ಅಂದು ಅನ್ನ ಕಲಸಿಕೊಂಡರು.

ಐದು ನೋಟ್ ಬುಕ್ಕುಗಳು ಇನ್ನೂ ನನ್ನ ಡ್ರಾಯರಿನಲ್ಲಿದ್ದವು. ಅವನ್ನು ಹಿಂದಿರುಗಿಸುವ ನೆಪ ಮಾಡಿಕೊಂಡು ಒಂದು ಭಾನುವಾರ ಅರಕಲಗೂಡಿನ ಬಸ್ಸು ಹತ್ತಿದೆ. ಹಳ್ಳಿಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ನುಗಳ ಮುಂದೆ ಸೌದೆ ಒಟ್ಟಿದ್ದರು. ಮನೆ ಕೇಳಿಕೊಂಡು ಹೋದಾಗ ಬಾಗಿಲಿಗೆ ಬಂದದ್ದು ಅವರ ಹೆಂಡತಿ, ಎತ್ತರದ ಹೆಂಗಸು. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ಬಾ, ಕೂತ್ಕೋ," ಅಂದು ಕಾಫಿ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದಳು. ಲೋಟ ತೆಗೆದುಕೊಂಡು ಹೋಗಿ, ನಾಲ್ಕು ಮಡಿಕೆಯಾಗಿದ್ದ ಆ ಜೆರಾಕ್ಸ್ ಹಾಳೆ ತಂದು ನನ್ನ ಕೈಗಿಟ್ಟಳು. ಒಳಗಿನ ಮಂಚದ ಮೇಲೆ ಅವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ.

"ಟೈಪ್ ಮಾಡೋರು ಓದ್ಬುಟ್ಟು ಏಳುದ್ರಂತೆ. ಇವ್ರು ನಂಬ್ತಾನೇ ಇಲ್ಲ. ಅವ್ವ ಅಂಗೆ ಬರಿಯಾಕಿಲ್ಲ ಅಂತಾರೆ. ನೀನೇ ಓದ್ಬುಡು," ಅಂದಳು ಹೆಂಡತಿ.

ನಾನು ಇಂಗ್ಲಿಷನ್ನು ಕನ್ನಡ ಮಾಡುತ್ತ, "ಮಾಹಿತಿ ಕೊಟ್ಟವರಿಗೆ ಬಹಳ ಕಾಲದಿಂದ ಆರೋಗ್ಯ ಸರಿಯಿಲ್ಲ," ಅಂದೆ.

"ಬೀಡಿಗೆ ಇಂಗ್ಲೀಸಲ್ಲೂ ಬೀಡಿ ಅಂತ್ಲೇ ಅನ್ನದು ಅಲ್ವಾ?" ಅಂದಳು ಅವಳು. "ಅದೆಲ್ಲೈತೆ ನೋಡು. ಅದನ್ನೋದು."

ಓದಿದೆ. ಗೋಡೆಯ ಆಚೆ ಯಾರೋ ಸೌದೆ ಒಡೆಯುತ್ತಿದ್ದರು. ಮಂಚದ ಮೇಲಿದ್ದ ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ದಿನಕ್ಕೆ ಎಷ್ಟು ಅಂತ ಬರ್ದಿದ್ದೀಯವ್ವಾ?" ಅಂದರು. ವ್ಯಂಗ್ಯ ಇರಲಿಲ್ಲ. ಜನರೇಟರಿನ ಗಂಟೆ ಹೇಳುವಾಗ ಇದ್ದಂಥದ್ದೇ ದನಿ.

"ಎಷ್ಟು ಅಂತ ಬರೆದಿಲ್ಲ."

"ಲೆಕ್ಕ ಇಲ್ದೆ ಎಂಗೆ ಬರ್ದೆ?"

ನೋಟ್ ಬುಕ್ಕುಗಳನ್ನು ಮಂಚದ ಮೇಲಿಟ್ಟೆ. ಅವರು ಒಂದೊಂದನ್ನೇ ಎತ್ತಿ, ಹಾಳೆ ಹರಿದಿದೆಯಾ ಅಂತ ನೋಡಿ ದಿಂಬಿನ ಪಕ್ಕ ಸೇರಿಸಿದರು. "ಕೂತ್ಕೊಳೋಕೆ ಪೇಪರು ಆಸ್ಕೊಟ್ಳಾ ನಿಂಗೆ?" ಅಂತ ಹೆಂಡತಿಯ ಕಡೆ ನೋಡಿ ನಕ್ಕರು. ಆ ಮನೆಯಲ್ಲಿ ನನಗೆ ಸಿಕ್ಕ ಒಂದೇ ಏಟು ಅದು. ಅದಕ್ಕೆ ಅವರ ಉಸಿರೆಲ್ಲ ಖರ್ಚಾಯಿತು.

ಮೂರು ತಿಂಗಳಿಗೆ ತೀರಿಕೊಂಡರು. ಸುದ್ದಿ ತಂದವರು ಆಪರೇಟರೇ. ಸರ್ "ಪಾಪ," ಅಂದು ಬೇರೆ ಫೈಲು ಕೇಳಿದರು. ಅವತ್ತು ಸಂಜೆ ಮನೆಯಲ್ಲಿ ಕೂತು ನಾನು ಆ ಕಾಗದ ಬರೆದೆ. ನೋಟ್ ಬುಕ್ಕಿನಿಂದ ನಕಲು ಮಾಡಿಕೊಂಡಿದ್ದ ಗಂಟೆಗಳು, ಇಂಜಿನ್ನಿನ ಹೊಟ್ಟೆಯೊಳಗೆ ಕಳೆದ ದಿನಗಳು, ಒಬ್ಬ ಮನುಷ್ಯನ ಎದೆಗೆ ಹೋಗಿರಬಹುದಾದ ಮಸಿ ಎಲ್ಲ ಸೇರಿ ಎರಡು ಪುಟ. ಅಂದುಕೊಂಡ ಹಾಗೆ ಅರ್ಧ ಗಂಟೆಯಲ್ಲಿ ಮುಗಿಯಿತು. ಡಾಕ್ಟರಿಗೆ ಒಯ್ದು ಕೊಟ್ಟೆ. ಅವರು ಮೊದಲ ಪುಟ ಓದಿ, "ಪೇಷೆಂಟ್ ಹೇಗಿದ್ದಾರೆ?" ಅಂದರು. ಹೋದರು ಅಂದೆ. "ಮತ್ತೆ ಇದು ಯಾರಿಗೆ?" ಅಂತ ಹಿಂದಕ್ಕೆ ಕೊಟ್ಟರು.

ಅದನ್ನು ತೆಗೆದುಕೊಂಡು ಮತ್ತೆ ಆ ಹಳ್ಳಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಆಲೂಗಡ್ಡೆ ಬಿತ್ತನೆಗೆ ಹೋಳು ಮಾಡುತ್ತಿದ್ದಳು. ಈ ಸಲ ಕೂತುಕೋ ಅನ್ನಲಿಲ್ಲ. ಕುಡುಗೋಲು ನಿಲ್ಲಿಸದೆ ಕೇಳಿದಳು, "ಏನೈತೆ ಅದ್ರಲ್ಲಿ?"

"ಅವರು ಬೀಡಿ ಸೇದ್ತಿರಲಿಲ್ಲ, ಅದು ಹಡಗಿನ ಹೊಗೆ ಅಂತ ಬರೆದಿದ್ದೀನಿ."

"ಅದು ನಂಗೊತ್ತು," ಅಂದಳು. "ಮೂವತ್ತು ವರ್ಸ ಜೊತೇಲಿ ಮಲಗಿವ್ನಿ, ಬಾಯಿ ವಾಸ್ನೆ ಗೊತ್ತಾಗಲ್ವಾ? ಗೊತ್ತಿಲ್ದೋರಿಗೆ ಕೊಡೋಗು."

ಒಂದು ಹೋಳು ಕೊಳೆತಿತ್ತು. ಅದನ್ನು ನನ್ನ ಕಾಲ ಪಕ್ಕಕ್ಕೆ ಎಸೆದು ಇನ್ನೊಂದು ಎತ್ತಿಕೊಂಡಳು. ನಾನು ಕಾಗದವನ್ನು ಚೀಲಕ್ಕೆ ಹಾಕಿಕೊಂಡು ರಸ್ತೆಗೆ ಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅಲ್ಲಿ ನೆರಳಿರಲಿಲ್ಲ.